ಶೇಕಡಾ 51ರ ಅತ್ತಿಗೆ

(2024. ಅಮೆರಿಕದ ಒಂದು ಹೆದ್ದಾರಿ ಕಾಮಗಾರಿ.)

ಗುತ್ತಿಗೆದಾರ: ಹಿಂದುಳಿದವರ ಕಂಪನಿಗೂ ಪಾಲು ಕೊಡಬೇಕಂತಲ್ಲ?

ಸಲಹೆಗಾರ: 1983ರ ಕಾನೂನು ಸ್ವಾಮಿ. ಕಂಪನಿಯಲ್ಲಿ ಶೇ. 51 ಅವರದು, ಯಜಮಾನಿಕೆಯೂ ಅವರದೇ.

ಗುತ್ತಿಗೆದಾರ: ಹೆಂಗಸರೂ ಹಿಂದುಳಿದವರ ಲೆಕ್ಕವಂತೆ; ನಮ್ಮ ಅತ್ತಿಗೆ ಹೆಸರಲ್ಲಿ ಒಂದು ಕಂಪನಿ ತೆಗೆದರೆ?

ಸಲಹೆಗಾರ: ಸಿಕ್ಕಿಬಿದ್ದರೆ ಅತ್ತಿಗೆಗೆ ಜೈಲು, ಪಕ್ಕದ ಕೋಣೆ ನಿಮಗೆ.

ಗುತ್ತಿಗೆದಾರ: ಉಕ್ಕನ್ನು ಹಿಂದುಳಿದವರ ಕಂಪನಿಯ ಬಿಲ್ಲಿನಲ್ಲಿ ತರಿಸಿದರೆ?

ಸಲಹೆಗಾರ: ದಾಸ್ತಾನಿಟ್ಟು ಮಾರುವವರಾದರೆ ಬೆಲೆಯ ಶೇ. 60 ಪಾಲಿನ ಲೆಕ್ಕಕ್ಕೆ. ಬರೀ ದಲ್ಲಾಳಿಯಾದರೆ ಕಮಿಷನ್ ಮಾತ್ರ.

ಗುತ್ತಿಗೆದಾರ: (ಬೆಚ್ಚಿ) ಅಂದರೆ ನಿಜವಾಗಿಯೂ ಕೆಲಸ ಕೊಡಬೇಕೇ!

ಸಲಹೆಗಾರ: ಇಲ್ಲವೇ ‘ಪ್ರಾಮಾಣಿಕವಾಗಿ ಹುಡುಕಿದೆವು, ಸಿಗಲಿಲ್ಲ’ ಎಂದು ಕಡತ ಕಟ್ಟಬೇಕು. ಕಡತ ದಪ್ಪಗಿರಲಿ.

ಗುತ್ತಿಗೆದಾರ: ನಿಮ್ಮ ಫೀಸು?

ಸಲಹೆಗಾರ: ಅದರಲ್ಲಿ ಯಾರಿಗೂ ಪಾಲಿಲ್ಲ.

(2025ರ ಅಕ್ಟೋಬರ್‌ನಲ್ಲಿ ನಿಯಮ ಬದಲಾಯಿತು: ಹೆಣ್ಣು, ಕಪ್ಪು ಜನಾಂಗದವರು ಎಂದಷ್ಟೇ ಹೇಳಿದರೆ ಸಾಲದು, ತಮ್ಮ ಕಷ್ಟವನ್ನು ಒಬ್ಬೊಬ್ಬರೂ ಬರೆದು ಸಾಬೀತುಪಡಿಸಬೇಕು. ಬರೆದುಕೊಡಲು ನಮ್ಮ ಸಲಹೆಗಾರರು ಸಿದ್ಧ, ಫೀಸು ಮುಂಗಡ.)