ಮಾರ್ಚ್ ತಿಂಗಳ ಕಾಡು

ನಮ್ಮಲ್ಲಿ ಮಳೆ ಬರುವುದು ಜೂನ್‌ನಲ್ಲಿ, ಅನುದಾನ ಇಳಿಯುವುದು ಮಾರ್ಚ್‌ನಲ್ಲಿ. 31ರೊಳಗೆ ಖರ್ಚಾಗದಿದ್ದರೆ ದುಡ್ಡು ವಾಪಸು. ಹಾಗಾಗಿ ನೆಲ ಕಾದು ಹೆಂಚಾಗಿರುವ ಹೊತ್ತಿಗೇ ಸರಿಯಾಗಿ ಜೆಸಿಬಿಗಳಿಗೆ ಪರಿಸರ ಕಾಳಜಿ ಉಕ್ಕುತ್ತದೆ.

ಯಾವ ಜಲಾನಯನ ಯೋಜನೆಯ ಹಳ್ಳಕ್ಕಾದರೂ ಇಳಿದು ನೋಡಿ. ಮೊದಲು ಕಣ್ಣಿಗೆ ಬೀಳುವುದು ಬೋರ್ಡು: ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಶಾಸಕರ ಹೆಸರು ಕೊಂಚ ದಪ್ಪಕ್ಷರದಲ್ಲಿ. ಅದರ ಹಿಂದೆ ಚೆಕ್ ಡ್ಯಾಮು. ಮೊದಲ ಮಳೆಗೇ ನೀರು ಗೋಡೆಯ ಪಕ್ಕದ ಮಣ್ಣು ಕೊರೆದು ಬೇರೆ ದಾರಿ ಹಿಡಿದಿರುತ್ತದೆ. ಗೋಡೆ ಮಾತ್ರ ಅಂದಾಜುಪಟ್ಟಿಯಲ್ಲಿ ಬರೆದ ಜಾಗದಿಂದ ಒಂದಿಂಚೂ ಅಲ್ಲಾಡಿರುವುದಿಲ್ಲ. ತಪ್ಪೆಲ್ಲ ನೀರಿನದು, ಅದು ಕ್ರಿಯಾಯೋಜನೆ ಓದಿರಲಿಲ್ಲ.

ಹಾಗಂತ ದುಡ್ಡಿಗೇನೂ ಬರವಿಲ್ಲ. ಗಣಿಗೆ, ಹೆದ್ದಾರಿಗೆ, ಅಣೆಕಟ್ಟಿಗೆ ಕಾಡು ಕಡಿದವರು ತೆರುವ ಪರಿಹಾರದ ಹಣಕ್ಕೆಂದೇ 2016ರ ಕಾಯ್ದೆ ಇದೆ. 2019ರ ಆಗಸ್ಟ್‌ನಲ್ಲಿ ಕೇಂದ್ರ ಆ ನಿಧಿಯಿಂದ ರಾಜ್ಯಗಳಿಗೆ 47 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ವರ್ಗಾಯಿಸಿತು. ಕಡಿದಷ್ಟೂ ಖಜಾನೆ ತುಂಬುವ, ಕಡಿಯುವುದು ನಿಂತರೆ ಸೊರಗುವ ಸಂರಕ್ಷಣಾ ನಿಧಿ ಇದು! ಉತ್ತರಾಖಂಡದಲ್ಲಿ ಇದೇ ಹಣ ಐಫೋನ್, ಲ್ಯಾಪ್‌ಟಾಪ್, ಫ್ರಿಜ್, ಕೂಲರ್‌ಗಳಾಗಿ ಚಿಗುರಿದ್ದನ್ನು 2025ರಲ್ಲಿ ವಿಧಾನಸಭೆಯ ಮುಂದೆ ಬಂದ ಸಿಎಜಿ ವರದಿ ಹೇಳಿತು. ನೆಟ್ಟ ಗಿಡಗಳಲ್ಲಿ ಬದುಕಿದ್ದು ಸುಮಾರು ಮೂರರಲ್ಲೊಂದು. ಬೆಟ್ಟದ ತಂಪು ಹೋದ ಮೇಲೆ ಕೂಲರ್ ಬೇಡವೇ, ನೀವೇ ಹೇಳಿ.

ನಮ್ಮವರದು ಇನ್ನೊಂದು ಬಗೆಯ ಜಾಣತನ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ಹೋಗಿ ಬನ್ನಿ. 119 ಚದರ ಕಿಲೋಮೀಟರ್. ಕೃಷ್ಣಮೃಗ ಬಯಲಿನ ಪ್ರಾಣಿ, ದೂರ ಕಾಣುವ ಹುಲ್ಲುಗಾವಲೇ ಅದರ ಕೋಟೆ. ಒಂದು ಕಾಲಕ್ಕೆ ಅಲ್ಲಿ ಎರೆಭೂತ ಹಕ್ಕಿಯೂ ಓಡಾಡುತ್ತಿತ್ತು. ಆದರೆ ಬಯಲೆಂದರೆ ಕಡತದಲ್ಲಿ ಪಾಳು, ಪಾಳು ಎಂದರೆ ಅಪರಾಧ. ಹುಡುಕಿ ಹುಡುಕಿ ನೀಲಗಿರಿ ನೆಟ್ಟರು. ಎರೆಭೂತ ಅಲ್ಲಿಂದ ಕಾಣೆಯಾಯಿತು, ನೀಲಗಿರಿ ತೋಪು ಉಳಿಯಿತು. ಮರವಿದ್ದರೆ ಕಾಡು, ಕಾಡಿದ್ದರೆ ಸಾಧನೆ ಎಂಬ ಲೆಕ್ಕದಲ್ಲಿ ಹಕ್ಕಿಗೊಂದು ಕಲಂ ಇರಲಿಲ್ಲ.

ಹುಲ್ಲಿನ ಕಷ್ಟ ಇಷ್ಟೇ: ಅದು ತಾನಾಗಿ ಬೆಳೆಯುತ್ತದೆ. ಗುಂಡಿ ಬೇಡ, ಟೆಂಡರ್ ಬೇಡ, ಸಚಿವರು ಹಿಡಿದು ಫೋಟೊ ತೆಗೆಸಿಕೊಳ್ಳಲು ಕಾಂಡವೂ ಇಲ್ಲ. ಸುಮ್ಮನೆ ಬಿಟ್ಟಿದ್ದಕ್ಕೆ ಬಿಲ್ ಮಾಡುವ ಕಲೆ ನಮ್ಮ ಯಾವ ಗುತ್ತಿಗೆದಾರನಿಗೂ ಇನ್ನೂ ಒಲಿದಿಲ್ಲ. (ಒಲಿದ ದಿನ ಹುಲ್ಲಿನ ಗತಿಯೂ ಮುಗಿಯಿತೆನ್ನಿ.)

ಅತ್ತ ದುಡ್ಡು ಬೇಕಾದ ಕಡೆ ಬೋರ್ಡು ನೆಡಲು ಜಾಗವಿಲ್ಲ. ಬೇಸಿಗೆಯಲ್ಲಿ ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯುವ ದಿನಗೂಲಿಯವನ ಕೂಲಿಗೆ, ಬಂಡೀಪುರದ ಲಂಟಾನ ಕೀಳಿಸಿ ಮರುವರ್ಷ ಮತ್ತೆ ಚಿಗುರಿದ್ದನ್ನೂ ಕೀಳಿಸುವುದಕ್ಕೆ, ಕೆರೆಗೆ ನೀರು ತರುವ ಕಾಲುವೆಯ ಒತ್ತುವರಿ ಬಿಡಿಸುವುದಕ್ಕೆ ರಿಬ್ಬನ್ ಕಟ್ಟುವುದು ಎಲ್ಲಿಗೆ?

ಅನುದಾನ ಕೊಡುವ ಮಹನೀಯರಲ್ಲಿ ಒಂದು ಅರಿಕೆ. ಕೊನೆಯ ಕಂತನ್ನು ಮೂರು ಮಳೆಗಾಲ ತಡೆಹಿಡಿಯಿರಿ. ಬದುಕಿರುವ ಗಿಡ ಎಷ್ಟು, ಹಳ್ಳದಲ್ಲಿ ನೀರು ಯಾವ ತಿಂಗಳವರೆಗೆ ನಿಂತಿತು ಎಂಬುದಕ್ಕೆ ಅಲ್ಲೇ ಕುರಿ ಮೇಯಿಸುವವರ ರುಜು ಹಾಕಿಸಿ. ಅಲ್ಲಿಯವರೆಗೆ ಬಳಕೆ ಪ್ರಮಾಣಪತ್ರಕ್ಕೆ ಮೊಹರು ಒತ್ತಬೇಡಿ.