ಬ್ಯಾಂಡ್ ಮೀಮಾಂಸೆ

ಶಾಸ್ತ್ರಕ್ರಮದಂತೆ ಮೊದಲು ಅಧಿಕಾರಿಯ ಲಕ್ಷಣ. ಶಿರಸಿ, ಸಿದ್ದಾಪುರ, ಯಲ್ಲಾಪುರವೆಂಬ ಘಟ್ಟದ ಮೇಲಿನ ಮೂರು ತಾಲೂಕುಗಳಲ್ಲಿ ಹುಟ್ಟಿ, ಎಂಜಿನಿಯರಿಂಗ್ ಮುಗಿಸಿ, ಎಂ.ಎಸ್. ಮಾಡಲು ಹೊರದೇಶಕ್ಕೆ ಹೊರಟು ನಿಂತವರೇ ಅಧಿಕಾರಿಗಳು. ವಿಷಯ: ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ. ಪ್ರಯೋಜನ: 9ರಲ್ಲಿ ಆರೂವರೆ ಬ್ಯಾಂಡ್. ಸಂಬಂಧ: ತೋಟದ ಮೇಲಿನ ಸಾಲ.

ಪೂರ್ವಪಕ್ಷ ಹೀಗಿದೆ: ಈ ಮಕ್ಕಳು ಕನ್ನಡ ಶಾಲೆಯವರು, ಇಂಗ್ಲಿಷ್ ಸಾಲದು, ಆದ್ದರಿಂದ ಬ್ಯಾಂಡ್ ಬರುವುದಿಲ್ಲ. ಇದು ಕೋಚಿಂಗ್ ಕ್ಲಾಸಿನವರ ಮತ. ಫೀಸಿನಿಂದ ಹುಟ್ಟಿದ್ದರಿಂದ ಪ್ರಮಾಣವಾಗದು. ನಮ್ಮ ಸಿದ್ಧಾಂತವೇ ಬೇರೆ. ಇಂಗ್ಲಿಷ್ ಸಾಕಷ್ಟಿದೆ, ಪೀಠಿಕೆಗೆ ಪರೀಕ್ಷೆಯಲ್ಲಿ ಜಾಗ ಸಾಲದು.

ಪರೀಕ್ಷೆ ನಮಗೆ ಪರಕೀಯವೆಂಬುದೂ ಸುಳ್ಳು. ಇದರ ಅಂಕಪಟ್ಟಿ ಎರಡು ವರ್ಷ ಮಾತ್ರ ಊರ್ಜಿತ. ಶಿರಸಿ ಮಾರಿಕಾಂಬಾ ಜಾತ್ರೆಯೂ ಎರಡು ವರ್ಷಕ್ಕೊಮ್ಮೆ. ಯಾರು ಯಾರಿಂದ ಎರವಲು ಪಡೆದರೆಂದು ಇಲ್ಲಿ ಬಿಡಿಸಿ ಹೇಳುವುದು ಸೌಜನ್ಯವಲ್ಲ. ಪರೀಕ್ಷೆ ಈ ಹೆಸರಿನಲ್ಲಿ ಶುರುವಾದದ್ದು 1989ರಲ್ಲಿ ಎಂದಷ್ಟೇ ಸೂಚಿಸಿ ಮುಂದುವರಿಯುತ್ತೇವೆ.

ಬರವಣಿಗೆಯ ಮೊದಲ ಪ್ರಶ್ನೆಯಲ್ಲಿ ಒಂದು ನಕ್ಷೆ ಕೊಟ್ಟು, ಏರಿಳಿತವನ್ನು ಕನಿಷ್ಠ 150 ಪದಗಳಲ್ಲಿ ವರ್ಣಿಸಿ ಎನ್ನುತ್ತಾರೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಅಡಿಕೆಗಳ ಧಾರಣೆಯನ್ನು ಬೆಳಗಿನ ಚಹಾದ ಜೊತೆಗೇ ಓದಿ ಬೆಳೆದವರಿಗೆ ಇದೇನು ಮಹಾ! ಆದರೆ ನಿಯಮ ಕ್ರೂರವಾದದ್ದು: ಇಳಿದದ್ದನ್ನು ಹೇಳಬೇಕು, ನಕ್ಷೆಯಲ್ಲಿಲ್ಲದ ಕಾರಣ ಹೇಳಬಾರದು. ಆಮದು, ಕೊಳೆರೋಗ, ಕೊನೆಗೌಡ ಸಿಗದಿರುವುದು, ಗುಟ್ಕಾ ನಿಷೇಧದ ಗಾಳಿಸುದ್ದಿ ಇವೆಲ್ಲ ಬಿಟ್ಟರೆ ಅಡಿಕೆಯ ಬಗ್ಗೆ ಮಾತೇ ಇಲ್ಲ. "ದರ ಎಂತಕ್ಕೆ ಬಿತ್ತು ಹೇಳಿ ಬರಿದೇ ಇದ್ರೆ ಎಂತಾ ಬರದಂಗಾತು ತಮಾ?" ಎಂಬ ಅಪ್ಪಯ್ಯನ ಆಕ್ಷೇಪಕ್ಕೆ ಪರೀಕ್ಷಾ ಮಂಡಳಿಗಳಲ್ಲಿ ಉತ್ತರವಿಲ್ಲ.

ಆಲಿಸುವ ವಿಭಾಗದಲ್ಲಿ ಧ್ವನಿಯನ್ನು ಒಂದೇ ಸಲ ಕೇಳಿಸುತ್ತಾರೆ. ಜುಲೈ ಮಳೆಯಲ್ಲಿ ಎಲ್ಲ ಮಾತನ್ನೂ "ಹ್ಞಾಂ?" ಎಂದು ಎರಡು ಸಲ ಕೇಳಿಯೇ ರೂಢಿಯಾದ ಕಿವಿಗಳಿಗೆ, ಅದರಲ್ಲೂ ಯಲ್ಲಾಪುರದ ಹೆದ್ದಾರಿಯಂಚಿನ ಕಿವಿಗಳಿಗೆ ಇದು ಅನ್ಯಾಯ. ಹೆಚ್ಚು ಹೇಳುವುದಿಲ್ಲ.

ಗಂಡಾಂತರವಿರುವುದು ಬರವಣಿಗೆಯ ಎರಡನೆಯ ಪ್ರಶ್ನೆಯಾದ ಪ್ರಬಂಧದಲ್ಲಿ. ನಲವತ್ತು ನಿಮಿಷ, ಕನಿಷ್ಠ 250 ಪದ, ನಿಮ್ಮ ನಿಲುವು ಮೊದಲ ಪ್ಯಾರಾದಲ್ಲೇ ಬರಲಿ ಎನ್ನುತ್ತಾರೆ ಕಲಿಸುವವರು. ಸಭ್ಯ ಮನೆತನದಲ್ಲಿ ಹುಟ್ಟಿದವರು ಹೀಗೆ ಮಾಡುವುದುಂಟೆ? ನಮ್ಮಲ್ಲಿ ಮನೆಗೆ ಬಂದವರು ಮೊದಲು ಆಸ್ರಿಗೆ ಕುಡಿಯುತ್ತಾರೆ, ಮಳೆ, ಮದ್ದು ಹೊಡೆದದ್ದು, ಯಾರದೋ ಮಗಳ ಜಾತಕ ಎಲ್ಲ ಮುಗಿದು ಕವಳ ಹಾಕಿ, ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದ ಮೇಲೆ "ಮತ್ತೆಂತ ಇಲ್ಲೆ..." ಎಂದು ಸಾಲದ ಮಾತೆತ್ತುತ್ತಾರೆ. ಈ ಕ್ರಮದಲ್ಲೇ ಬರೆದ ಉತ್ತರದಲ್ಲಿ ನಿಲುವು 251ನೆಯ ಪದದ ಆಚೆಗೆ ಇರುತ್ತದೆ. ಅಷ್ಟರಲ್ಲಿ ಹೊತ್ತು ಮುಗಿದಿರುತ್ತದೆ.

ಇನ್ನು ಮಾತಿನ ಪರೀಕ್ಷೆ. ಚೀಟಿ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷ ಮಾತಾಡಿಸಿ, ತಡೆಯುತ್ತಾರೆ. ಸಿದ್ದಾಪುರ ಕಡೆಯ ತಾಳಮದ್ದಲೆ ಕೇಳಿದವರಿಗೆ ಇದರ ಅಸಂಬದ್ಧತೆ ಹೊಳೆಯುತ್ತದೆ. ಅಲ್ಲಿ ವಾಲಿ ಎದೆಗೆ ಬಾಣ ಚುಚ್ಚಿಸಿಕೊಂಡೂ ರಾಮನೊಂದಿಗೆ ಮುಕ್ಕಾಲು ಗಂಟೆ ಧರ್ಮಸೂಕ್ಷ್ಮ ಚರ್ಚಿಸುತ್ತಾನೆ, ಭಾಗವತರೂ ತಡೆಯುವುದಿಲ್ಲ. ಬಾಣವಿಲ್ಲದೆ ಆರೋಗ್ಯವಾಗಿ ಕೂತ ಅಭ್ಯರ್ಥಿಗೆ ಎರಡು ನಿಮಿಷ! ಅದರಲ್ಲಿ ಮೊದಲ ಒಂದೂವರೆ, "ಈ ಪ್ರಶ್ನೆಯನ್ನು ನನಗೇ ಏಕೆ ಕೇಳಿದಿರಿ ಎಂಬುದನ್ನು ಮೊದಲು ನೋಡೋಣ" ಎಂಬುದಕ್ಕೇ ಹೋಗುತ್ತದೆ.

ಇದಕ್ಕೊಂದು ಪರಿಹಾರವನ್ನು ಮಂಡಿಸುತ್ತೇವೆ. ಸಂದರ್ಶನ ಮುಗಿದು ಅಭ್ಯರ್ಥಿ ಎದ್ದಾಗ ಪರೀಕ್ಷಕರು ಧ್ವನಿಮುದ್ರಣ ನಿಲ್ಲಿಸಬಾರದು. ಅವನನ್ನು ಬಾಗಿಲವರೆಗೆ ಕಳಿಸಿಕೊಡಬೇಕು, ಆದರೆ ಹೊಸ್ತಿಲ ಬಳಿ ಒಂದು ಮೈಕ್ ಇಟ್ಟಿರಬೇಕು.