ನೆರವಿಗೆ ಯೋಗ್ಯವಾದ ಬಡತನ: ಹಳ್ಳಿ ಹುಡುಕುವ ಸಮಿತಿಗಳಿಗೊಂದು ಬಹಿರಂಗ ಪತ್ರ

ಪರದೇಶದ ಹಳ್ಳಿಯೊಂದಕ್ಕೆ ಆರೋಗ್ಯವನ್ನು ದಯಪಾಲಿಸಲು ಸಂಕಲ್ಪಿಸಿರುವ ಸಮಸ್ತ ಆಯ್ಕೆ ಸಮಿತಿಗಳ ಗೌರವಾನ್ವಿತ ಸದಸ್ಯರ ಸನ್ನಿಧಿಗೆ,

ಜಗತ್ತಿನಲ್ಲಿ ಬಡ ಹಳ್ಳಿಗಳಿಗೆ ಬರವಿಲ್ಲವಾದರೂ ನೆರವು ಪಡೆಯಲು ಯೋಗ್ಯವಾದ ಬಡ ಹಳ್ಳಿ ಸಿಗುವುದು ದುರ್ಲಭವೆಂಬ ಸತ್ಯ ಸಮಿತಿಯವರಿಗೆ ಈಗಾಗಲೇ ಮನವರಿಕೆಯಾಗಿರುವುದರಿಂದ, ಅವರ ಕಷ್ಟದ ಬಗ್ಗೆ ಸಹಾನುಭೂತಿ ವ್ಯಕ್ತಪಡಿಸುವುದೇ ಈ ಪತ್ರದ ಮೊದಲ ಕರ್ತವ್ಯವಾಗಿದೆ. ಯೋಗ್ಯ ಹಳ್ಳಿಯು ಬಡವಾಗಿರಬೇಕು, ಆದರೆ ಅಲ್ಲಿಂದ ಸಂಜೆಯೊಳಗೆ ಬಿಸಿನೀರಿರುವ ವಸತಿಗೃಹಕ್ಕೆ ಮರಳುವಂತಿರಬೇಕು. ಅಲ್ಲಿನ ಮುಖಂಡ ಸ್ಥಳೀಯನಾಗಿರಬೇಕು, ಆದರೆ ಸಮಿತಿಯ ಭಾಷೆಯಲ್ಲಿ ಕೃತಜ್ಞತೆ ಸಲ್ಲಿಸಬಲ್ಲವನಾಗಿರಬೇಕು. ಮಕ್ಕಳು ಸಾಯುತ್ತಿರಬೇಕು, ಆದರೆ ಮೂರು ವರ್ಷದ ಅನುದಾನದ ಅವಧಿಯೊಳಗೆ ತಡೆದು ತೋರಿಸಬಹುದಾದಂಥ ಸುಲಭದ ಕಾರಣಗಳಿಂದಲೇ ಸಾಯುತ್ತಿರಬೇಕು. ಇಷ್ಟೆಲ್ಲ ಗುಣಗಳು ಒಂದೇ ಊರಿನಲ್ಲಿ ಕೂಡಿಬರುವುದು ಅಪರೂಪವಾದ್ದರಿಂದ ಸಮಿತಿಯವರು ಹಳೆಯ ಕಾಲದ ವಧುಪರೀಕ್ಷೆಯ ಬೀಗರಂತೆ ಊರೂರು ಸುತ್ತಿ, ಕೊಟ್ಟದ್ದನ್ನು ತಿಂದು, ಆಮೇಲೆ ತಿಳಿಸುತ್ತೇವೆಂದು ಹೇಳಿ ಏಳಬೇಕಾಗುತ್ತದೆ.

ಈ ಸಂಚಾರದ ಶಾಸ್ತ್ರವನ್ನು ಬ್ರಿಟಿಷ್ ವಿದ್ವಾಂಸ ರಾಬರ್ಟ್ ಚೇಂಬರ್ಸ್ 1983ರಷ್ಟು ಹಿಂದೆಯೇ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ನಗರದಿಂದ ಅಲ್ಪಾವಧಿಗೆ ಹಳ್ಳಿಗೆ ಬಂದುಹೋಗುವ ತಜ್ಞರ ಓಡಾಟವನ್ನು ಅವರು ಗ್ರಾಮಾಭಿವೃದ್ಧಿ ಪ್ರವಾಸೋದ್ಯಮವೆಂದು ಕರೆದು, ಅದಕ್ಕೆ ಅಂಟಿದ ಒಲವುಗಳಲ್ಲಿ ಡಾಂಬರಿನ ಒಲವನ್ನು, ಎಂದರೆ ವಾಹನ ಹೋಗುವ ರಸ್ತೆಯ ಪಕ್ಕದಲ್ಲಿರುವುದನ್ನಷ್ಟೇ ನೋಡಿ ಅದೇ ಗ್ರಾಮವೆಂದು ತಿಳಿಯುವ ರೂಢಿಯನ್ನು, ಎತ್ತಿ ತೋರಿಸಿದರು. ಒಣಗಾಲದ ಒಲವೆಂಬುದೂ ಅವರ ಪಟ್ಟಿಯಲ್ಲಿದೆ: ರಸ್ತೆ ಒಣಗಿ, ಸುಗ್ಗಿ ಮುಗಿದು, ಜನ ತುಸು ಚೇತರಿಸಿಕೊಂಡಿರುವ ಕಾಲಕ್ಕೇ ಭೇಟಿಗಳು ಒದಗಿ, ಹಸಿವೂ ಜ್ವರವೂ ಒಟ್ಟಿಗೆ ಏರುವ ಮಳೆಯ ತಿಂಗಳುಗಳಲ್ಲಿ ಯಾರೂ ಬಾರದಿರುವುದಕ್ಕೆ ಆ ಹೆಸರು. ಸಮಿತಿಯವರು ಈ ಪುಸ್ತಕವನ್ನು ಎಚ್ಚರಿಕೆಯೆಂದು ಓದದೆ ಮಾರ್ಗದರ್ಶಿಯೆಂದು ಓದಿರುವುದು ಅವರ ಸ್ವತಂತ್ರ ಚಿಂತನೆಗೆ ಸಾಕ್ಷಿಯಾಗಿದೆ. (ಗ್ರಾಮಸ್ಥರಿಂದಲೇ ನೆಲದ ಮೇಲೆ ಊರಿನ ನಕ್ಷೆ ಬರೆಸುವ, ಕರ್ನಾಟಕದಲ್ಲಿ ಮೈರಾಡದಂಥ ಸಂಸ್ಥೆಗಳು ಬೆಳೆಸಿದ ಮತ್ತು ಚೇಂಬರ್ಸ್ ಅವರೇ ಲೋಕಕ್ಕೆ ಸಾರಿದ ಪದ್ಧತಿಯನ್ನೂ ಸಮಿತಿಗಳು ಅಕ್ಕರೆಯಿಂದ ಅಳವಡಿಸಿಕೊಂಡಿವೆ, ನಕ್ಷೆ ಬರೆಯುವ ಸಭೆಗೆ ಬಾರದವರ ಮನೆ ನಕ್ಷೆಯಲ್ಲಿ ಇರುವುದಿಲ್ಲವೆಂಬುದು ಬೇರೆ ಮಾತು.)

ಆಯ್ಕೆಯ ಕಲೆಯಲ್ಲಿ ಸಹಸ್ರಮಾನ ಗ್ರಾಮ ಯೋಜನೆಯನ್ನು ಮೀರಿಸಿದ ಮಾದರಿ ಸಿಗುವುದು ಕಷ್ಟ. ಕೊಲಂಬಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜೆಫ್ರಿ ಸ್ಯಾಕ್ಸ್ ಅವರ ನೇತೃತ್ವದ ಈ ಯೋಜನೆಯು ಗೊಬ್ಬರ, ಬೀಜ, ಸೊಳ್ಳೆಪರದೆ, ಚಿಕಿತ್ಸಾಲಯ, ಶಾಲೆ, ನೀರುಗಳನ್ನು ಒಂದೇ ಊರಿಗೆ ಒಮ್ಮೆಗೇ ಕೊಟ್ಟರೆ ಬಡತನದ ಕುಣಿಕೆ ಕಳಚುತ್ತದೆಂಬ ನಂಬಿಕೆಯ ಮೇಲೆ ನಿಂತಿತ್ತು. 2006ರಲ್ಲಿ ಜಾರ್ಜ್ ಸೊರೋಸ್ ಅವರಿಂದ 5 ಕೋಟಿ ಡಾಲರ್ ವಾಗ್ದಾನ ಪಡೆದು, ಸಹಾರಾದ ದಕ್ಷಿಣದ ಹತ್ತು ದೇಶಗಳಿಗೆ ಹರಡಿ, 2015ರವರೆಗೆ ನಡೆಯಿತು. ಮೊದಲು ಆಯ್ಕೆಯಾದ ಹಳ್ಳಿಗಳಲ್ಲೊಂದು ಪಶ್ಚಿಮ ಕೆನ್ಯಾದ ಸೌರಿ. ಮಲೇರಿಯಾ ಮತ್ತು ಎಚ್‌ಐವಿಯಿಂದ ಜರ್ಜರಿತವಾಗಿದ್ದ ಆ ಸೀಮೆಯ ಅಗತ್ಯವನ್ನು ಯಾರೂ ಪ್ರಶ್ನಿಸಲಾರರು. ಆದರೆ ಕಿಸುಮು ನಗರಕ್ಕೆ ದೂರವಲ್ಲದ ಆ ಭಾಗದಲ್ಲಿ ವಿಶ್ವ ಕೃಷಿ ಅರಣ್ಯ ಕೇಂದ್ರದವರು ಮಣ್ಣಿನ ಪ್ರಯೋಗಗಳನ್ನು ಮೊದಲೇ ನಡೆಸಿದ್ದರು, ಆ ಕೇಂದ್ರದ ಮಾಜಿ ಮಹಾನಿರ್ದೇಶಕ ಪೆಡ್ರೋ ಸಾಂಚೆಸ್ ಅವರೇ ಗ್ರಾಮ ಯೋಜನೆಯ ಸಾರಥಿಗಳಲ್ಲಿ ಒಬ್ಬರಾಗಿದ್ದರು. ಸೌರಿಯಿರುವ ಗೆಮ್ ಸೀಮೆಯಲ್ಲೂ ಪಕ್ಕದ ಅಸೆಂಬೊದಲ್ಲೂ ಕೀಟನಾಶಕ ಲೇಪಿತ ಸೊಳ್ಳೆಪರದೆಗಳು ಮಕ್ಕಳ ಸಾವನ್ನು ತಗ್ಗಿಸುತ್ತವೆಯೇ ಎಂಬ ದೊಡ್ಡ ಪ್ರಯೋಗ 1990ರ ದಶಕದ ಕೊನೆಯಲ್ಲೇ ನಡೆದು, ಹೌದೆಂಬ ಉತ್ತರವೂ ದೊರೆತಿತ್ತು. ಹೀಗೆ ಔಷಧಿ ಹಿಡಿಯುತ್ತದೆಂದು ಮೊದಲೇ ಗೊತ್ತಿರುವ ರೋಗಿಯನ್ನು ಹುಡುಕಿ ಚಿಕಿತ್ಸೆ ಆರಂಭಿಸುವುದರಲ್ಲಿರುವ ವಿವೇಕವನ್ನು ಮೆಚ್ಚದಿರಲಾಗದು. ಯೋಜನೆಯ ಪರವಾಗಿ ಹೇಳಬೇಕಾದುದೂ ಒಂದಿದೆ: ಕೆನ್ಯಾದ ಈಶಾನ್ಯದ ಒಣನಾಡಿನಲ್ಲಿ, ಒಂಟೆ ಸಾಕುವವರ ಡೆರ್ತು ಎಂಬ ನೆಲೆಯನ್ನೂ ಅದು ಆರಿಸಿಕೊಂಡಿತ್ತು. ಮಳೆಯ ಹಿಂದೆ ನಡೆಯುವ ಜನರನ್ನು ಒಂದೆಡೆ ನಿಲ್ಲುವ ಹಳ್ಳಿಯ ಅಚ್ಚಿಗೆ ಒಗ್ಗಿಸುವುದು ಎಷ್ಟು ಕಠಿಣವೆಂಬುದು ಪತ್ರಕರ್ತೆ ನೀನಾ ಮಂಕ್ ಅವರ 2013ರ ಪುಸ್ತಕದಲ್ಲಿ ವಿಸ್ತಾರವಾಗಿ ದಾಖಲಾಗಿದೆ. ಆ ಬಳಿಕ ಅಲೆಮಾರಿಗಳಿಗೆ ರೋಗ ಬರುವುದಿಲ್ಲವೆಂದು ಸಮಿತಿಗಳು ತೀರ್ಮಾನಿಸಿದ್ದರೆ ಆಶ್ಚರ್ಯವಿಲ್ಲ.

ಆಯ್ಕೆಯ ಫಲ ಕಾಣುವುದು ಲೆಕ್ಕದ ದಿನ. ನೆರವು ಪಡೆದ ಊರು ಸುಧಾರಿಸಿದಾಗ ಅದು ನೆರವಿನಿಂದ ಸುಧಾರಿಸಿತೋ, ಹೇಗೂ ಸುಧಾರಿಸುತ್ತಿತ್ತೋ ಎಂದು ತಿಳಿಯಲು ಎಲ್ಲದರಲ್ಲೂ ಅದರಂತಿದ್ದು ನೆರವು ಮಾತ್ರ ಸಿಗದ ಇನ್ನೊಂದು ಊರಿರಬೇಕು. ಇದಕ್ಕೆ ಹೋಲಿಕೆಯ ಗ್ರಾಮವೆಂದು ಹೆಸರು. ಸಹಸ್ರಮಾನ ಯೋಜನೆಯು ತನ್ನ ಹೋಲಿಕೆಯ ಗ್ರಾಮಗಳನ್ನು ಕೆಲಸ ಆರಂಭವಾದ ಮೇಲೆ ಹುಡುಕಿಕೊಂಡಿತು. ಮೈಕೆಲ್ ಕ್ಲೆಮೆನ್ಸ್ ಮತ್ತು ಗೇಬ್ರಿಯಲ್ ಡೆಮೊಂಬೈನ್ಸ್ ಎಂಬ ಅರ್ಥಶಾಸ್ತ್ರಜ್ಞರು 2010ರಲ್ಲಿ ಸುತ್ತಲಿನ ಗ್ರಾಮೀಣ ಪ್ರದೇಶದ ಅಂಕಿಅಂಶಗಳನ್ನು ಪಕ್ಕಕ್ಕಿಟ್ಟು ನೋಡಿದಾಗ, ಯೋಜನೆಯ ಸಾಧನೆಯೆಂದು ವರದಿಯಾಗಿದ್ದ ಹಲವು ಏರಿಕೆಗಳು, ಮೊಬೈಲ್ ಫೋನಿನ ಹರಡುವಿಕೆಯೂ ಸೇರಿ, ಯೋಜನೆಯಿಲ್ಲದ ಊರುಗಳಲ್ಲೂ ಕಂಡುಬಂದವು. ಕೆನ್ಯಾ ಸರ್ಕಾರವೇ 2006ರಲ್ಲಿ ಸುಮಾರು 34 ಲಕ್ಷ ಸೊಳ್ಳೆಪರದೆಗಳನ್ನು ಉಚಿತವಾಗಿ ಹಂಚಿತ್ತೆಂಬುದನ್ನು ಇಲ್ಲಿ ನೆನೆಯಬೇಕು. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ, ಐದು ವರ್ಷದೊಳಗಿನ ಮಕ್ಕಳ ಸಾವು ಯೋಜನೆಯ ಊರುಗಳಲ್ಲಿ ದೇಶದ ಗ್ರಾಮೀಣ ಸರಾಸರಿಗಿಂತ ಮೂರು ಪಟ್ಟು ವೇಗವಾಗಿ ಇಳಿದಿದೆಯೆಂದು ಪ್ರಕಟವಾದ ಮಾತನ್ನು ಲೇಖಕರೇ ಕೆಲವೇ ವಾರಗಳಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. 2018ರ ಅಂತಿಮ ಮೌಲ್ಯಮಾಪನವು 40 ಸೂಚಕಗಳಲ್ಲಿ 30ರಲ್ಲಿ ಒಳಿತನ್ನು ಕಂಡಿತು, ಗುರಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗವಷ್ಟೇ ಈಡೇರಿದವೆಂದಿತು, ಹೋಲಿಕೆಯ ಗ್ರಾಮಗಳನ್ನು ಆಗಲೂ ಹಿನ್ನೋಟದಿಂದಲೇ ಹೊಂದಿಸಿಕೊಂಡಿತು. ಪರದೆಯೊಳಗೆ ಮಲಗಿದ ಮಕ್ಕಳಿಗೆ ಲಾಭವಾಯಿತೆಂಬುದು ನಿಜ. ಪ್ರಶ್ನೆಯಿರುವುದು ಅದರ ಕೀರ್ತಿಯನ್ನು ಯಾರು ಎಷ್ಟು ಹೊತ್ತೊಯ್ಯಬೇಕೆಂಬುದರಲ್ಲಿ.

ವೇಲ್ಸ್‌ನ ಗಣಿ ಹಳ್ಳಿಯೊಂದರ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ ಅವರು 1971ರಲ್ಲಿ ವಿಲೋಮ ಆರೈಕೆಯ ನಿಯಮವೆಂಬುದನ್ನು ಮಂಡಿಸಿದರು. ಒಳ್ಳೆಯ ವೈದ್ಯಸೇವೆಯು ಅದರ ಅಗತ್ಯ ಹೆಚ್ಚಿರುವಲ್ಲಿ ಕಡಿಮೆಯೂ, ಕಡಿಮೆಯಿರುವಲ್ಲಿ ಹೆಚ್ಚೂ ಸಿಗುತ್ತದೆಂಬುದು ಅದರ ತಾತ್ಪರ್ಯ. ಆ ನಿಯಮವನ್ನು ಸಮಿತಿಯವರು ವಿಮಾನದಲ್ಲಿ ಖಂಡಾಂತರ ಸಾಗಿಸಿ, ಬಡತನದೊಳಗೂ ಒಂದು ಮುಂದಿನ ಸಾಲನ್ನು ನಿರ್ಮಿಸಿದ್ದಾರೆ.

ಬೇರೆ ದಾರಿಯಿರಲಿಲ್ಲವೆನ್ನುವಂತಿಲ್ಲ. ಮಕ್ಕಳನ್ನು ಶಾಲೆಗೂ ತಪಾಸಣೆಗೂ ಕಳಿಸುವ ತಾಯಂದಿರಿಗೆ ಹಣ ಕೊಡುವ ಪ್ರೊಗ್ರೆಸಾ ಕಾರ್ಯಕ್ರಮವನ್ನು ಮೆಕ್ಸಿಕೊ ಸರ್ಕಾರ 1997ರಲ್ಲಿ ಆರಂಭಿಸಿದಾಗ, ಅಧ್ಯಯನಕ್ಕೆ ಸೇರಿದ 506 ಹಳ್ಳಿಗಳಲ್ಲಿ 320ನ್ನು ಚೀಟಿ ಎತ್ತಿದಂತೆ ಆರಿಸಿ ಮೊದಲು ಸೇರಿಸಿಕೊಂಡು, ಉಳಿದ 186ನ್ನು ತಡವಾಗಿ ಸೇರಿಸಿಕೊಂಡಿತು. ಯಾವ ಮುಖಂಡನ ಮಾತಿನ ಚಾತುರ್ಯವೂ ಅಲ್ಲಿ ನಡೆಯಲಿಲ್ಲ. ಆದರೆ ಅಲ್ಲಿಯೂ ಶಾಲೆ ಮತ್ತು ಚಿಕಿತ್ಸಾಲಯ ಎಟುಕದಷ್ಟು ದೂರದ ಹಳ್ಳಿಗಳ ಚೀಟಿಯನ್ನು ಡಬ್ಬಿಗೆ ಹಾಕಿರಲಿಲ್ಲ.

ಆದುದರಿಂದ ಸಮಿತಿಯವರಲ್ಲಿ ವಿನಂತಿಯೆಂದರೆ, ಮುಂದಿನ ಯೋಜನೆಯಲ್ಲಿ ಮೊದಲ ಪರದೆ ಹಂಚುವ ಮುನ್ನವೇ ಹೋಲಿಕೆಯ ಗ್ರಾಮಗಳನ್ನು ಗುರುತಿಸಿ ಎರಡೂ ಕಡೆ ಎಣಿಕೆ ನಡೆಸಲಿ, ರಸ್ತೆಯಿಲ್ಲದ ಊರಿನ ಚೀಟಿಯನ್ನೂ ಡಬ್ಬಿಗೆ ಹಾಕಲಿ, ಭೇಟಿಯಿತ್ತು ಕೈಬಿಟ್ಟ ಹಳ್ಳಿಗಳ ಪಟ್ಟಿಯನ್ನು ಕಾರಣಸಮೇತವಾಗಿ ಆ ಹಳ್ಳಿಗಳವರದೇ ಭಾಷೆಯಲ್ಲಿ ಪ್ರಕಟಿಸಲಿ.